ಅಳಿಸಬೇಡಿ

ಜುಲೈ 4, ಮಂಗಳವಾರ. ಬೆಳಿಗ್ಗೆ 6.10

ಪಾಠಯೋಜನೆ ಇನ್ನೂ ಅರ್ಧ. ಎಡಗಡೆ ಶಿಕ್ಷಕಿ ಕೇಳುವ ಪ್ರಶ್ನೆ, ಬಲಗಡೆ ಮಕ್ಕಳು ಕೊಡುವ ಉತ್ತರ. ಎರಡನ್ನೂ ನಾನೇ ಬರೆಯಬೇಕು. ನಿನ್ನೆ ಬಲಗಡೆ ಬರೆದಿದ್ದ ಒಂದು ಉತ್ತರವನ್ನೂ ಯಾರೂ ಹೇಳಲಿಲ್ಲ. ನದಿ ಎಲ್ಲಿ ಹುಟ್ಟುತ್ತದೆ ಎಂದರೆ "ಪುಸ್ತಕದಲ್ಲಿ ಮಿಸ್" ಎಂದಿತು ಒಂದು ಮೂಲೆ. ಇಡೀ ಒಂಬತ್ತನೇ ತರಗತಿ ನಕ್ಕಿತು. ಹಿಂದಿನ ಬೆಂಚಿನಲ್ಲಿದ್ದ ಮೇಡಂ ಮಾತ್ರ ನಗಲಿಲ್ಲ. ಏನೋ ಬರೆದುಕೊಂಡರು.

ಭೂಗೋಳದ ಮೇಡಂ. ಈ ಆರು ವಾರ ನನ್ನ ಪಾಠ ನೋಡಿ ಷರಾ ಬರೆಯುವವರು. ಹತ್ತು ವರ್ಷದ ಹಿಂದೆ ಇದೇ ಕೋಣೆಯಲ್ಲಿ ನನಗೆ ಪಾಠ ಮಾಡಿದವರು. ಕಾಲೇಜಿನಲ್ಲಿ ಅಭ್ಯಾಸ ಪಾಠಕ್ಕೆ ಯಾವ ಶಾಲೆ ಬೇಕು ಎಂದು ಫಾರ್ಮ್ ಕೊಟ್ಟಾಗ ಮೂರು ಆಯ್ಕೆಗಳಲ್ಲೂ ಇದೇ ಶಾಲೆ ಬರೆದಿದ್ದೆ.

ಗುರುತು ಹಿಡಿಯಲಿಲ್ಲ. "ಏನಮ್ಮ ಬಿ.ಎಡ್., ಡಸ್ಟರ್ ತಂದ್ಯಾ?" ಎಂದರು. ಅಷ್ಟೇ.

ಇವತ್ತು ಹಿಡಿಯಬಹುದು.

ಜುಲೈ 4. ಸಂಜೆ

ಹಿಡಿಯಲಿಲ್ಲ.

ಸೀಟಿಂಗ್ ಚಾರ್ಟ್ ಮಾಡಿಸಿದೆ. ಬೆಂಚುಗಳ ಚಿತ್ರ ಬರೆದು ಹಾಳೆ ಕಳಿಸಿದೆ. ತಂತಮ್ಮ ಚೌಕದಲ್ಲಿ ಹೆಸರು ಬರೆದು ಮುಂದಕ್ಕೆ ದಾಟಿಸಿದರು. ಪಾಠಯೋಜನೆಯ ಪುಸ್ತಕದೊಳಗೆ ಅಂಟಿಸಿಕೊಂಡಿದ್ದೇನೆ. ಇನ್ನು ಯಾರನ್ನೂ "ಏ ನೀನು" ಎನ್ನಬೇಕಾಗಿಲ್ಲ. ನಲವತ್ತೆರಡು ಹೆಸರು, ಒಂದು ವಾರದಲ್ಲಿ ಬಾಯಿಪಾಠ ಮಾಡುತ್ತೇನೆ. ಹೆಸರು ಹಿಡಿದು ಕರೆಸಿಕೊಳ್ಳುವುದು ಏನೆಂದು ನನಗೆ ಗೊತ್ತು.

ಜುಲೈ 7, ಶುಕ್ರವಾರ

ನಾಲ್ಕನೇ ಬೆಂಚಿನಲ್ಲಿ ಇಬ್ಬರು ಗೆಳತಿಯರು. ಒಬ್ಬಳದು ಅರಳು ಹುರಿದ ಹಾಗೆ ಮಾತು. ಮನಸ್ಸಿನಲ್ಲೇ ಅವಳಿಗೆ "ಅರಳು" ಎಂದು ಹೆಸರಿಟ್ಟೆ. ಇನ್ನೊಬ್ಬಳು ಕಿಟಕಿಯ ಪಕ್ಕದವಳು. ಬಾಯಿ ಇದೆಯೋ ಇಲ್ಲವೋ. ಆ ಜಾಗ ಒಂದು ಕಾಲಕ್ಕೆ ನನ್ನದು. ಹಾಗಾಗಿ ಕಣ್ಣು ಅಲ್ಲಿಗೇ ಹೋಗುತ್ತದೆ.

ಚಿಕ್ಕಮ್ಮನ ಮುಂದೆ ಗೋಳು ತೋಡಿಕೊಂಡೆ. ಈ ಆರು ವಾರ ಅವರ ಮನೆಯಲ್ಲೇ ಬಿಡಾರ. ಹೊಲಿಗೆ ನಿಲ್ಲಿಸದೆ ಕೇಳಿಸಿಕೊಂಡರು.

"ನೀನೇ ಹೋಗಿ ಹೇಳ್ಬಾರ್ದಾ? ಅಳದೆ ಇದ್ರೆ ಹೆತ್ತ ತಾಯೀನೂ ಹಾಲು ಕೊಡಲ್ಲ ಕಣೆ."

"ಹೇಳಿಸ್ಕೊಂಡು ನೆನಪಾದ್ರೆ ಅದು ನೆನಪಾ ಚಿಕ್ಕಮ್ಮ?"

"ಸರಿ ಹಾಗಾದ್ರೆ. ಈ ಬಟನ್ ಹೊಲಿ. ಕೈಗಾದ್ರೂ ಕೆಲಸ ಇರ್ಲಿ."

ಒಂದೇ ವರ್ಷ ಇದ್ದೆ ಈ ಶಾಲೆಯಲ್ಲಿ. ಆಮೇಲೆ ಅಪ್ಪನಿಗೆ ವರ್ಗವಾಯಿತು. ಆ ವರ್ಷ ಒಂದು ದಿನ ಮೇಡಂ ನನ್ನನ್ನು ಕರೆದು, ಬೋರ್ಡಿನ ಮೇಲೆ ನದಿಯ ಹಾದಿ ಬರೆ ಎಂದರು. ಬೆಟ್ಟದಿಂದ ಕಡಲಿನವರೆಗೆ. ಬರೆದು ಮುಗಿಸಿ, ಚೆನ್ನಾಗಿಲ್ಲವೆಂದು ಡಸ್ಟರ್ ಎತ್ತಿದೆ. ಕೈ ಹಿಡಿದು ತಡೆದರು. ಪಕ್ಕದಲ್ಲಿ ಚೌಕ ಹಾಕಿ "ಅಳಿಸಬೇಡಿ" ಎಂದು ಬರೆದರು. ಮೂರು ದಿನ ಇತ್ತು. ಗಣಿತದ ಮೇಷ್ಟ್ರು ಉಳಿದ ಜಾಗದಲ್ಲೇ ಲೆಕ್ಕ ಮಾಡಿದರು, ಗೊಣಗಿಕೊಂಡು. ಅಲ್ಲಿಯವರೆಗೆ ನನ್ನದು ಯಾವುದನ್ನೂ ಯಾರೂ ಉಳಿಸಿಕೊಂಡಿರಲಿಲ್ಲ.

ನಾನು ಶಿಕ್ಷಕಿಯಾಗಲು ಹೊರಟಿರುವುದು ಆ ಮೂರು ದಿನದ ದೆಸೆಯಿಂದ. ಅದು ಅವರಿಗೆ ಗೊತ್ತಾಗಲಿ ಎನ್ನುವುದು ಬಿಟ್ಟರೆ ನನಗೆ ಇಲ್ಲಿ ಬೇರೆ ಆಸೆ ಇಲ್ಲ.

ಜುಲೈ 14, ಶುಕ್ರವಾರ

ನೋಟ್‌ಬುಕ್ ತಿದ್ದಿ ಬೆರಳು ಮರಗಟ್ಟಿತು. ಆದರೆ ಒಂದು ಪುಸ್ತಕ! ನದಿಯ ನಕ್ಷೆ, ಉಸಿರು ಬಿಗಿಹಿಡಿದು ಎಳೆದಂಥ ಒಂದೇ ಗೆರೆ. ರಟ್ಟಿನ ಮೇಲೆ ಯಾರ ಹೆಸರು ಎಂದು ನೋಡಿದೆ. ಚಾರ್ಟ್ ತೆಗೆದು ಆ ಹೆಸರಿನ ಚೌಕ ಹುಡುಕಿದೆ. ಅರಳು! ಬಾಯಿ ಮುಚ್ಚದವಳ ಕೈಯಲ್ಲಿ ಇಂಥ ಗೆರೆ. ಕಿಟಕಿಯವಳ ಪುಸ್ತಕವೋ, ಕಾಗೆ ಕಾಲು ಗುಬ್ಬಿ ಕಾಲು.

ತರಗತಿಯಲ್ಲಿ ಅರಳನ್ನು ನಿಲ್ಲಿಸಿ ನಕ್ಷೆ ಎತ್ತಿ ತೋರಿಸಿದೆ. ಚಪ್ಪಾಳೆ ಹೊಡೆಸಿದೆ. ನಾಲ್ಕಾರು ಜನ ಮುಸಿಮುಸಿ ನಕ್ಕರು, ಯಾಕೋ. ಅರಳು ಮೊದಲ ಸಲ ಒಂದು ಮಾತೂ ಆಡಲಿಲ್ಲ. ಕಿಟಕಿಯವಳಿಗೆ, ಗೆಳತೀನ ನೋಡಿ ಸ್ವಲ್ಪ ಕಲಿ ಎಂದೆ. ತಲೆಯಾಡಿಸಿ ಹೊರಗೆ ನೋಡಿದಳು.

ಮೇಡಂ ಷರಾ: "ಪ್ರೋತ್ಸಾಹ ಚೆನ್ನಾಗಿದೆ. ದನಿ ಸಾಲದು."

ಜುಲೈ 20, ಗುರುವಾರ

ಗಣಿತದವನು (ನನ್ನ ಜೊತೆ ಬಂದಿರುವ ಇನ್ನೊಬ್ಬ ಬಿ.ಎಡ್.) ಬಾಯಿ ಬಿಟ್ಟ. ಯಾರಿಗೂ ಹೇಳಬೇಡ ಎಂದಿದ್ದೆ, ಅದಕ್ಕೇ ಇರಬೇಕು. ಸ್ಟಾಫ್ ರೂಮಿನಲ್ಲಿ ಎಲ್ಲರ ಮುಂದೆ, "ಮೇಡಂ, ಇವ್ರು ನಿಮ್ಮ ಹಳೇ ಸ್ಟೂಡೆಂಟ್!"

ಮೇಡಂ ಕನ್ನಡಕ ಹಣೆಗೇರಿಸಿದರು. ಯಾವ ವರ್ಷ, ಎಲ್ಲಿ ಕೂರುತ್ತಿದ್ದೆ, ಎಲ್ಲ ಕೇಳಿದರು. ನಾಲ್ಕನೇ ಬೆಂಚು ಎಂದೆ. ನೋಡಿದರು... ನೋಡಿದರು... ಆಮೇಲೆ ಮುಖವೆಲ್ಲ ಬೆಳಕು.

"ಅಯ್ಯೋ, ಹಾಡ್ತಿದ್ದವಳು! ಎರಡು ಜಡೆ! ಬೆಳಿಗ್ಗೆ ಪ್ರಾರ್ಥನೆಗೆ ಮೈಕೇ ಬೇಡ ಅಂತಿದ್ದೆ ನಾನು. ಎಷ್ಟು ಸಲ ನೆನೆಸ್ಕೊಂಡಿದೀನಿ ಗೊತ್ತಾ ನಿನ್ನ!"

ಎರಡು ಜಡೆ ಎಲ್ಲರಿಗೂ ಇತ್ತು. ಹಾಡುತ್ತಿದ್ದವಳು ನನ್ನ ಪಕ್ಕದವಳು. ನಾನು ಹಾಡಿದರೆ ಬೀದಿನಾಯಿಗಳು ಜೊತೆಗೂಡುತ್ತವೆ.

ಮೇಡಂ ನನ್ನ ಎರಡೂ ಕೈ ಹಿಡಿದುಕೊಂಡಿದ್ದರು.

"ಹೌದು ಮೇಡಂ," ಎಂದೆ.

ಜುಲೈ 21

ಇವತ್ತಿನಿಂದ ನಾನು ಬಿ.ಎಡ್. ಅಲ್ಲ, "ನಮ್ಮ ಹಾಡುಗಾರ್ತಿ." ಊಟಕ್ಕೆ ಪಕ್ಕದಲ್ಲೇ ಕೂರಿಸಿಕೊಂಡರು. ಇದನ್ನೇ ಅಲ್ಲವೇ ಬಯಸಿದ್ದು? ಮೇಡಂ ನೆನಪಿನಲ್ಲಿರುವವಳು ಆ ಹಾಡುತ್ತಿದ್ದವಳು. ಅವರು ಹಿಡಿದ ಕೈ ನನ್ನದು. ಡಬ್ಬಿ ಅರ್ಧಕ್ಕೇ ಮುಚ್ಚಿದೆ.

ಆಗಸ್ಟ್ 2, ಬುಧವಾರ

ಹನ್ನೆರಡು ದಿನ ಇದನ್ನು ಮುಟ್ಟಿಲ್ಲ. ಬರೆದರೆ ನಿಜ ಬರೆಯಬೇಕಲ್ಲ.

12ನೇ ತಾರೀಕು ನಮಗೆ ಬೀಳ್ಕೊಡುಗೆ. ಕಾರ್ಯಕ್ರಮದ ಪಟ್ಟಿ ನೋಟಿಸ್ ಬೋರ್ಡಿಗೆ ಬಂದಿದೆ. ಮೂರನೆಯದು ನನ್ನ ಹಾಡು, ಮೇಡಂ ಕೈಬರಹದಲ್ಲಿ. ಒಂದು ಸುಳ್ಳಿಗೆ ನೂರು ಸುಳ್ಳು ಎನ್ನುತ್ತಾರೆ. ನನ್ನದಕ್ಕೆ ಮೈಕ್ ಬೇರೆ ಗೊತ್ತುಮಾಡಿದ್ದಾರೆ.

ಗಂಟಲು ನೋವು ಅನ್ನು ಎಂದ ಗಣಿತದವನು. ಹತ್ತು ದಿನ ಮೊದಲೇ ಬರುವ ಗಂಟಲು ನೋವು ಯಾವುದೋ.

ಆಗಸ್ಟ್ 8, ಮಂಗಳವಾರ

ತರಗತಿ ಶಿಕ್ಷಕರು ರಜೆ. ಮೊದಲ ಸಲ ಹಾಜರಿ ಪುಸ್ತಕ ನನ್ನ ಕೈಗೆ ಬಂತು. ಚಾರ್ಟಿನಲ್ಲಿ ಅರಳಿನ ಚೌಕದಲ್ಲಿದ್ದ ಹೆಸರು ಕರೆದೆ. "ಪ್ರೆಸೆಂಟ್ ಮಿಸ್" ಕಿಟಕಿಯ ಕಡೆಯಿಂದ ಬಂತು.

ಇನ್ನೊಮ್ಮೆ ಕರೆದೆ. ಕಿಟಕಿಯವಳು ಎದ್ದು ನಿಂತಳು.

ಊಟದ ಬಿಡುವಿನಲ್ಲಿ ಇಬ್ಬರನ್ನೂ ಕರೆದೆ. ಅರಳು ಅಳುತ್ತಲೇ ಬಂದಳು.

"ಚಾರ್ಟಲ್ಲಿ ಇಬ್ರ ಹೆಸರೂ ನಾನೇ ಬರ್ದಿದ್ದು ಮಿಸ್. ತಮಾಷೆಗೆ ಅದಲುಬದಲು ಮಾಡ್ದೆ. ಮಾರನೇ ದಿನಾನೇ ಸಿಕ್ಕಿಬೀಳ್ತೀನಿ ಅಂದ್ಕೊಂಡಿದ್ದೆ. ನಿಮಗೆ ಗೊತ್ತೇ ಆಗ್ಲಿಲ್ಲ."

ಐದು ವಾರ. ಒಬ್ಬಳ ಹೆಸರಿನಿಂದ ಇನ್ನೊಬ್ಬಳನ್ನು ಕರೆದಿದ್ದೇನೆ. ಆ ನಕ್ಷೆ ಕಿಟಕಿಯವಳದು. ಅದಕ್ಕೆ ಚಪ್ಪಾಳೆ ಅರಳಿಗೆ ಹೊಡೆಸಿದೆ. ಬರೆದವಳಿಗೆ, ಅವಳನ್ನು ನೋಡಿ ಕಲಿ ಎಂದೆ. ಮುಖ ಎಲ್ಲಿಟ್ಟುಕೊಳ್ಳಲಿ.

"ನೀನ್ಯಾಕೆ ಹೇಳ್ಲಿಲ್ಲ?" ಎಂದೆ ಕಿಟಕಿಯವಳಿಗೆ.



"ಹೇಳ್ಬೇಕು ಅಂತಾನೇ ಇದ್ದೆ ಮಿಸ್. ನೀವು ಅಷ್ಟು ಖುಷಿಯಾಗಿದ್ರಿ." ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ಹೇಗಿದ್ರೂ ನೀವು ಶನಿವಾರ ಹೋಗೋರಲ್ವಾ."

ಹದಿನಾಲ್ಕು ವರ್ಷದವಳು. ನನ್ನ ಸಂತೋಷ ಕೆಡಬಾರದೆಂದು ತನ್ನದನ್ನು ಬಿಟ್ಟುಕೊಟ್ಟಿದ್ದಾಳೆ. ನಾನು ಮೇಡಂ ಮುಂದೆ ಮಾಡಿದ್ದೂ ಅದೇ. ಆದರೆ ಯಾಕೆ ಹೇಳಲಿಲ್ಲ ಎಂದು ಇವಳನ್ನು ಕೇಳುವವರು ಒಬ್ಬರು ಬಂದರು.

ಆಗಸ್ಟ್ 10, ಗುರುವಾರ

ಕೊನೆಯ ಪಾಠ. ನದಿ. ಕಿಟಕಿಯವಳನ್ನು ಅವಳದೇ ಹೆಸರಿನಿಂದ ಕರೆದೆ. ನಾಲಿಗೆ ತಡವರಿಸಲಿಲ್ಲ, ಎರಡು ದಿನ ಅಭ್ಯಾಸ ಮಾಡಿದ್ದೆ. ಆ ನಕ್ಷೆ ಇವಳದು, ತಪ್ಪು ನನ್ನದು ಎಂದು ಎಲ್ಲರಿಗೂ ಹೇಳಿ ಸೀಮೆಸುಣ್ಣ ಕೊಟ್ಟೆ. ಬೆಟ್ಟದಿಂದ ಕಡಲಿಗೆ ಒಂದೇ ಗೆರೆ. ಮೊದಲು ಚಪ್ಪಾಳೆ ಹೊಡೆದವಳು ಅರಳು. ಪಕ್ಕದಲ್ಲಿ ಚೌಕ ಹಾಕಿ "ಅಳಿಸಬೇಡಿ" ಎಂದು ಬರೆದೆ. ಬರೆಯುತ್ತ ಬೆನ್ನೆಲ್ಲ ಕಿವಿಯಾಗಿತ್ತು. ಮೇಡಂ ಏನಾದರೂ ಅನ್ನಬಹುದು ಎಂದು.

ಷರಾ: "ಮಕ್ಕಳಿಂದ ಬೋರ್ಡ್ ಕೆಲಸ ಮಾಡಿಸಿದ್ದು ಉತ್ತಮ. ಹಾಡಿನ ತಯಾರಿ ಎಲ್ಲಿಗೆ ಬಂತು?"

ಆಗಸ್ಟ್ 12, ಶನಿವಾರ. ಸಂಜೆ

ಕಾರ್ಯಕ್ರಮ ಶುರುವಾಗುವ ಮೊದಲು ಮೇಡಂ ಮಹಡಿಯ ಮೇಲೆ ಒಂಬತ್ತನೇ ತರಗತಿಯ ಕೋಣೆಯಲ್ಲಿ ನಕ್ಷೆಗಳನ್ನು ಸುತ್ತಿಡುತ್ತಿದ್ದರು. ಒಬ್ಬರೇ. ಬೋರ್ಡಿನ ಮೇಲೆ ನದಿ ಹಾಗೇ ಇತ್ತು, ಮೂರನೇ ದಿನ.

"ಮೇಡಂ, ನಾನು ಹಾಡ್ತಿದ್ದವಳಲ್ಲ. ಅವಳು ನನ್ನ ಪಕ್ಕ ಕೂರ್ತಿದ್ಲು."

ಸುತ್ತುವ ಕೈ ನಿಂತಿತು. "ಮತ್ತೆ ಅವತ್ತು ಹೌದು ಅಂದ್ಯಲ್ಲ?"

"ನೀವು ಅಷ್ಟು ಖುಷಿಯಾಗಿದ್ರಿ."

ಕನ್ನಡಕ ಹಣೆಗೇರಿತು. ನೋಡಿದರು. ನಾನೂ ಮುಖ ಎತ್ತಿ ನಿಂತೆ. ಈಗ ಸಿಗಬಹುದು, ಈಗ... ಆ ಬೆಳಕು ಬರಲಿಲ್ಲ.

"ಇಲ್ಲಮ್ಮ," ಎಂದರು. "ನೆನಪಿಗೆ ಬರ್ತಿಲ್ಲ. ನಿನ್ನ ಹತ್ರ ಸುಳ್ಳು ಯಾಕೆ ಹೇಳ್ಲಿ."

ಹತ್ತು ವರ್ಷ ಕಾದದ್ದು ಈ ಮಾತಿಗೆ. ಕೆಳಗೆ ಮೈಕ್ ಕೆಮ್ಮಿತು. ಹೋಗಬೇಕೆಂದು ತಿರುಗಿದೆ.

"ನಿಲ್ಲು. ನಿನ್ನ ಜಾಗ ಯಾವ್ದು, ತೋರ್ಸು."

ನಾಲ್ಕನೇ ಬೆಂಚು, ಕಿಟಕಿಯ ಪಕ್ಕ. ಅಲ್ಲಿ ನನ್ನನ್ನು ಕೂರಿಸಿದರು. ಹಾಡುವವಳ ಜಾಗದಲ್ಲಿ ಮಂಡಿ ಹಿಡಿದುಕೊಂಡು ತಾವು ಕೂತರು. ಕೆಳಗಿನಿಂದ ನನ್ನ ಹೆಸರು ಕೂಗಿದರು. ಎರಡು ಸಲ.

"ಕೂಗ್ಲಿ ಬಿಡು," ಎಂದರು ಮೇಡಂ. "ನೀನು ಹೇಳು. ಮೊದ್ಲಿಂದ ಹೇಳು."

ಬೋರ್ಡಿನ ಕಡೆ ನೋಡಿದೆ.

"ಒಂದಿನ ನೀವು ನನ್ನ ಕೈಗೆ ಸೀಮೆಸುಣ್ಣ ಕೊಟ್ಟು..." ಎಂದೆ. ಮೇಡಂ ಇನ್ನಷ್ಟು ಹತ್ತಿರ ಸರಿದು ಕೂತರು.