ಅಮ್ಮನ ದನಿ

ಪ್ರೀತಿಯ ಅಣ್ಣನಿಗೆ,

ಮೂರು ದಿನದಿಂದ ನಿವೆರ್ನೆ ಕಾಲುವೆಯ ಜಲ್ಲಿ ದಾರಿಯಲ್ಲಿ ಕಾಡು, ಕಣಿವೆ ದಾಟುತ್ತ ಸೈಕಲ್ ತುಳಿಯುತ್ತಿದ್ದೇನೆ. ಕಾರುಗಳ ಕಾಟವಿಲ್ಲ. ಅಪ್ಪನ ಸರಕುದೋಣಿ ಓಡಾಡಿದ ನೀರು ಇದೇ, ಆದರೂ ನನಗೆ ಎಲ್ಲವೂ ಹೊಸದು. ಅಮ್ಮ ತೀರಿಕೊಂಡು ನಾವು ದೋಣಿಯ ವಾಸ ಬಿಟ್ಟಾಗ ನನಗಿನ್ನೂ ಮೂರು ವರ್ಷ.

ಇಂದು ದೋಣಿಗಳು ನಿಂತು ದಾಟುವ ಕಾಲುವೆ ಗೇಟಿನ ಮನೆಯ ಮುದುಕಿ ಫೆರ್ನಾಂದ್ ನನ್ನ ಹೆಸರು ಕೇಳಿ, "ಅರ್ಮಾನನ ಮಗಳಾ? ನೀರಿಗೆ ಬೀಳ್ತೀಯ ಅಂತ ದೋಣೀಲಿ ನಿನ್ನ ಸೊಂಟಕ್ಕೆ ಹಗ್ಗ ಕಟ್ಟಿರೋರು. ಇಲ್ಲಿಗೆ ಬಂದ್ರೆ ನಿಮ್ಮಮ್ಮ ಬಿಚ್ಚಿಬಿಡೋಳು. ಆಮೇಲೆ ನನ್ನ ಕೋಳಿಗಳ ಪಾಡು ಕೇಳ್ಬೇಡ" ಎಂದಳು.

ಅಮ್ಮನ ದನಿ ಹೇಗಿತ್ತೆಂದು ಕೇಳಿದೆ.

"ನಿಮ್ಮಣ್ಣನ್ನೇ ಕೇಳು, ಅವಳ ಬೆನ್ನು ಬಿಡ್ತಿರಲಿಲ್ಲ ಅವನು."

ಮಂಡಿ ನೋವು ತಡೆದುಕೊಳ್ಳುವಷ್ಟಿದೆ. ಭಾನುವಾರ ನಿನ್ನ ಮನೆಗೆ ಬರುತ್ತೇನೆ. ಐವತ್ತು ವರ್ಷ ನೀನು ಅಮ್ಮನ ಮಾತೆತ್ತಿಲ್ಲ. ಈ ಸಲ ಹೇಳು.

ಸೊಲಾಂಜ್