ಬರೀ ನೋಡುವ ಹೂವು

ಜಯನಗರ,
ಏಪ್ರಿಲ್ ೧೯೬೧

ಅಣ್ಣನಿಗೆ ವನಜಾಳ ನಮಸ್ಕಾರ.

ನೀನು ಕೊಟ್ಟ ಜಿನ್ನಿಯಾ ಬೀಜ ಒಂದೂ ಹುಸಿಹೋಗಲಿಲ್ಲ. ಈ ಬಿಸಿಲಲ್ಲೂ ಹಿತ್ತಲ ತುಂಬ ಕೆಂಪು, ಹಳದಿ, ಕಿತ್ತಳೆ ಬಣ್ಣದ ಹೂವು. ನಮ್ಮನೆಯವರು ಹೋದಮೇಲೆ, ಬೆಳಗಾಗಲಿ ಎಂದು ನಾನು ಕಾಯುತ್ತಿರುವುದು ಇದೇ ಮೊದಲು.

"ನಮ್ಮಂಥೋರಿಗೆ ಹೂವ್ಯಾಕಮ್ಮ, ನೋಡಿದೋರು ಏನಂತಾರೆ?" ಎಂದು ಅತ್ತೆ ಮೊದಲು ಗೊಣಗಿದರು. ಅವರು ಹೂವು ಮುಡಿದು ಎಷ್ಟು ಕಾಲವಾಯಿತೋ. "ಇದು ಮುಡಿಯೋ ಹೂವಲ್ಲ, ಬರೀ ನೋಡೋದು" ಅಂದೆ. ಈಗ ಅಕ್ಕಿ ತೊಳೆದ ನೀರನ್ನು ಅವರೇ ಗಿಡಗಳಿಗೆ ಹಾಕುತ್ತಾರೆ.

ಅತ್ತಿಗೆ ಕಳಿಸುತ್ತೇನೆಂದ ಮಲ್ಲಿಗೆ ಬಳ್ಳಿ ಬೇಡ. ಅದು ಅರಳಿದರೆ ಕೈ ತಾನಾಗಿ ಜಡೆಗೆ ಹೋಗುತ್ತದೆ. ಜಿನ್ನಿಯಾ ಬೀಜವನ್ನೇ ಇನ್ನಷ್ಟು ಕಳಿಸು. ಬಿಳಿಯದು ಬೇಡ, ಕೆಂಪೇ ಇರಲಿ ಎಂದು ಅತ್ತೆ ಹೇಳಿದ್ದಾರೆ.

ನಿನ್ನ ತಂಗಿ,
ವನಜಾ