ಒಂಬತ್ತಲ್ಲ, ತೊಂಬತ್ತೆಂಟು

ಅಪ್ಪಾ, ಕಳ್ಳ ಸಿಕ್ಕಿಬಿದ್ದ. ಹೆಜ್ಜೆ ಎಣಿಸೋ ನಿಮ್ಮ ವಾಚೇ.

ಬೆಳಿಗ್ಗೆ ನೀವು ಮಲಗಿದ್ದಾಗ ಅದನ್ನ ಕೈಗೆ ಕಟ್ಟಿಕೊಂಡು, ನಿಮ್ಮ ವಾಕರ್ ಹಿಡಿದು, ಹಾಲ್‌ನಲ್ಲಿ ಎಣಿಸಿ ನೂರು ಹೆಜ್ಜೆ ನಡೆದೆ. ಅದು ತೋರಿಸಿದ್ದು ಬರೀ ಒಂಬತ್ತು. ಕೈ ಬೀಸಿದರೆ ಮಾತ್ರ ಅದಕ್ಕೆ ನಡಿಗೆಯಂತೆ. ವಾಕರ್ ಹಿಡಿದವರು ಕೈ ಬೀಸೋದು ಹೇಗೆ? ಕಾಲಿಗೆ ಕಟ್ಟಿ ಮತ್ತೆ ನೂರು ನಡೆದೆ. ತೊಂಬತ್ತೆಂಟು ಅಂತು. ನಾನು ಕುಣಿಯೋದೊಂದು ಬಾಕಿ.

ವಾಚು ಫ್ರಿಜ್ ಮೇಲೆ ಚಾರ್ಜಿಗಿದೆ, ಉದ್ದದ ಪಟ್ಟಿ ಹಾಕಿಟ್ಟಿದ್ದೀನಿ. ಇವತ್ತಿಂದ ಕಾಲಿಗೇ ಕಟ್ಟಿಕೊಳ್ಳಿ, ಕಾಲುಚೀಲದ ಮೇಲೆ. ಆಪರೇಷನ್ ಆದ ಕಾಲಿಗೆ ಮಾತ್ರ ಬೇಡ.

ಮೂರು ವಾರದಿಂದ ನೀವು "ನಡೆದಿದ್ದೀನಿ ಕಣಮ್ಮ" ಅಂದಾಗೆಲ್ಲ ವಾಚು ತೋರಿಸಿ ರೇಗ್ತಿದ್ದೆ.

ಸಂಜೆ ಬಂದು ವಾಚು ನೋಡಲ್ಲ. ಎಷ್ಟು ನಡೆದ್ರಿ ಅಂತ ನಿಮ್ಮನ್ನೇ ಕೇಳ್ತೀನಿ.